ಪಚ್ಚಿಲೆ ಮರಿಯ ಪಯಣ



ಒಂದು ದಿನ ನಮ್ಮ ಕಲಿಕೆ ಕೇಂದ್ರದಲ್ಲಿ ಒಬ್ಬರು ಅಕ್ಕ ಕೇಳಿದರು: "ಟೀಚರೇ, ಈ ವರ್ಷ ನಮ್ಮ ಕಲ್ಲಲ್ಲಿ ಪಚ್ಚಿಲೆಯೇ ಇಲ್ಲ. ಮರಿಯೆಲ್ಲ ಎಲ್ಲಿ ಹೋಯ್ತು?"

ಬನ್ನಿ, ಉತ್ತರ ಹುಡುಕೋಣ.

ಪಚ್ಚಿಲೆಗೆ ನೀಲಿಕಲ್ಲು ಎಂದೂ ಹೆಸರು. ಅದು ಕಡಲ ಕಲ್ಲಿಗೆ ಅಂಟಿಕೊಂಡು ಬದುಕುತ್ತದೆ. ಆದರೆ ಮರಿ ಹುಟ್ಟುವುದು ನೀರಿನಲ್ಲಿ. ಮಳೆಗಾಲದಲ್ಲಿ ತಾಯಿ ಪಚ್ಚಿಲೆ ನೀರಿಗೆ ಮೊಟ್ಟೆ ಬಿಡುತ್ತದೆ. ಮರಿ ರವೆಯ ಕಣಕ್ಕಿಂತ ಸಣ್ಣದು. ಎರಡು ವಾರದಷ್ಟು ಕಾಲ ತೇಲುತ್ತಾ ಬೆಳೆಯುತ್ತದೆ. ಆಮೇಲೆ ಕಲ್ಲು ಸಿಕ್ಕಿದರೆ ಅಂಟಿಕೊಳ್ಳುತ್ತದೆ. ಸಿಗದಿದ್ದರೆ ಸಾಯುತ್ತದೆ.

ಕಡಲಿನೊಳಗೂ ಹೊಳೆಯ ಹಾಗೆ ನೀರು ಹರಿಯುತ್ತದೆ. ಇದೇ ಸಾಗರ ಪ್ರವಾಹ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಅದು ಹೆಚ್ಚಾಗಿ ದಕ್ಷಿಣಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಉತ್ತರಕ್ಕೆ ತಿರುಗುತ್ತದೆ.

ಒಂದು ಲೆಕ್ಕ ಮಾಡೋಣ. ನೀರು ಸೆಕೆಂಡಿಗೆ ಅರ್ಧ ಗೇಣು ಹರಿದರೂ ದಿನಕ್ಕೆ 8 ಕಿಲೋಮೀಟರ್ ದಾಟುತ್ತದೆ. 15 ದಿನಕ್ಕೆ? 8 × 15 = 120 ಕಿಲೋಮೀಟರ್! ನೆಟ್ಟಗೆ ಹೋದರೆ ಮಲ್ಪೆಯ ಮರಿ ಕಾಸರಗೋಡನ್ನೂ ದಾಟಬಹುದು.

ವಿಜ್ಞಾನಿಗಳು ಇಂಥ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡ್ತಾರೆ. ನೀರಿನ ವೇಗ, ಗಾಳಿ, ಉಬ್ಬರ ಇಳಿತ ಎಲ್ಲ ಸೇರಿಸ್ತಾರೆ. ಒಂದೇ ಜಾಗದಿಂದ ಸಾವಿರಾರು ಚುಕ್ಕಿ ಬಿಡ್ತಾರೆ. ಒಂದು ಚುಕ್ಕಿ ಅಂದರೆ ಒಂದು ಮರಿ.

ಅಷ್ಟೊಂದು ಯಾಕೆ? ತೋಡಿನಲ್ಲಿ ಎರಡು ಕಾಗದದ ದೋಣಿ ಬಿಟ್ಟು ನೋಡಿ. ಒಂದು ಮುಂದೆ ಹೋಗ್ತದೆ. ಇನ್ನೊಂದು ಸುಳಿಗೆ ಸಿಗ್ತದೆ. ಮರಿಗಳ ದಾರಿಯೂ ಹಾಗೇ. ಹೆಚ್ಚು ಚುಕ್ಕಿ ಎಲ್ಲಿ ಸೇರುತ್ತದೋ ಅಲ್ಲಿ ಮರಿ ಸೇರುವ ಸಂಭವ ಹೆಚ್ಚು.

ತೇಲುವ ಕಡಲಪಾಚಿಗೂ ಇಂಥದ್ದೇ ಲೆಕ್ಕ. ಸರ್ಗಾಸಮ್ ಎಂಬ ಪಾಚಿಯಲ್ಲಿ ಗಾಳಿ ತುಂಬಿದ ಗುಳ್ಳೆಗಳಿವೆ. ಅದು ನೀರಿನ ಮೇಲೇ ತೇಲುತ್ತದೆ. ಹಾಗಾಗಿ ಪ್ರವಾಹದ ಜೊತೆ ಗಾಳಿಯೂ ಅದನ್ನು ತಳ್ಳುತ್ತದೆ.

ಈಗ ಅಕ್ಕನ ಪ್ರಶ್ನೆಗೆ ಬರೋಣ. ನಮ್ಮ ಕಲ್ಲಿಗೆ ಬರುವ ಮರಿಯ ತಾಯಿ ದೂರದ ಊರಿನ ಕಲ್ಲಲ್ಲಿ ಇರಬಹುದು. ಅಲ್ಲಿ ಪೂರ್ತಿ ಕಿತ್ತರೆ ಇಲ್ಲಿಗೆ ಮರಿ ಕಡಿಮೆ. ನಾವು ಪೂರ್ತಿ ಕಿತ್ತರೆ ಇನ್ನೊಂದು ಊರಿನ ಅಕ್ಕನ ಬುಟ್ಟಿ ಖಾಲಿ. ಪ್ರವಾಹ ದಾರಿ ಬದಲಿಸಿದರೂ ಮರಿ ಬಾರದೆ ಇರಬಹುದು. ಅದು ನಮ್ಮ ಕೈಯಲ್ಲಿಲ್ಲ. ಕೀಳುವುದು ನಮ್ಮ ಕೈಯಲ್ಲಿದೆ.

ಸಣ್ಣ ಪಚ್ಚಿಲೆಯನ್ನು ಕೀಳದೆ ಬಿಡೋಣ. ದೊಡ್ಡದರಲ್ಲೂ ಒಂದಷ್ಟು ಉಳಿಸೋಣ. ನೆರೆ ಊರಿನವರಿಗೂ ಹೇಳೋಣ.

ಹೇಳಿ ನೋಡೋಣ:
1. ಪಚ್ಚಿಲೆ ಮರಿ ಎಲ್ಲಿ ಹುಟ್ಟುತ್ತದೆ?
2. ದಿನಕ್ಕೆ 8 ಕಿಲೋಮೀಟರಿನಂತೆ 10 ದಿನಕ್ಕೆ ಎಷ್ಟು ದೂರ?
3. ನಿಮ್ಮ ಊರಿನ ಕಲ್ಲಲ್ಲಿ ಮೊದಲು ಎಷ್ಟು ಪಚ್ಚಿಲೆ ಇತ್ತು? ಹಿರಿಯರನ್ನು ಕೇಳಿ ಬರೆಯಿರಿ.