ಊಟದ ವೇಳೆಯ ಅರ್ಧ ಗಂಟೆ: ಅಂಗನವಾಡಿಯಲ್ಲಿ ಪೋಷಕರೊಡನೆ ಶಿಶುವಿಕಾಸದ ಮಾತುಕತೆ

(ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು, ಬಾಲವಿಕಾಸ ಸಮಿತಿಯ ಸದಸ್ಯರು ಹಾಗೂ ಪೋಷಕರ ಅಧ್ಯಯನಕ್ಕಾಗಿ)

ಮಾತೃಪೂರ್ಣ ಯೋಜನೆಯು ರಾಜ್ಯದಾದ್ಯಂತ ಜಾರಿಗೆ ಬಂದದ್ದು 2017ರ ಅಕ್ಟೋಬರ್ 2ರಂದು. ಅದಕ್ಕೆ ಮುನ್ನ ಗರ್ಭಿಣಿಯರಿಗೆ ಆಹಾರ ಸಾಮಗ್ರಿಯನ್ನು ಮನೆಗೆ ಕೊಡಲಾಗುತ್ತಿತ್ತು. ಮನೆಗೆ ಹೋದ ಸಾಮಗ್ರಿ ಮನೆಮಂದಿಗೆಲ್ಲ ಹಂಚಿಹೋಗುವುದು ಸಹಜವೇ ಆಗಿತ್ತು. ಆದುದರಿಂದ ಅನ್ನ, ತರಕಾರಿ ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಗಳನ್ನೊಳಗೊಂಡ ಬಿಸಿಯೂಟವನ್ನು ಅಂಗನವಾಡಿಯಲ್ಲಿಯೇ ಬಡಿಸಿ, ಕಬ್ಬಿಣಾಂಶದ ಮಾತ್ರೆಯನ್ನು ಅಲ್ಲಿಯೇ ನುಂಗಿಸುವ ಕ್ರಮ ಬಂದಿತು. ಉದ್ದೇಶ ಪೌಷ್ಟಿಕತೆಯದು. ಆದರೆ ಇದರ ಜೊತೆಯಲ್ಲಿ ಇನ್ನೊಂದು ಲಾಭವೂ ದೊರೆತಿದೆ. ಬಸಿರಿನ ಕಾಲದಲ್ಲಿಯೂ ಹೆರಿಗೆಯಾದ ಮೇಲೆ ಆರು ತಿಂಗಳವರೆಗೂ ಅದೇ ತಾಯಂದಿರು, ಅದೇ ಸ್ಥಳದಲ್ಲಿ, ಅದೇ ಹೊತ್ತಿಗೆ ಕಲೆಯುವ ಅವಕಾಶವಿದು. ತಿಂಗಳಿಗೊಮ್ಮೆ ಕರೆಯುವ ಯಾವ ಪೋಷಕರ ಸಭೆಗೂ ಇಂತಹ ಹಾಜರಾತಿ ದೊರೆಯುವುದಿಲ್ಲ. ಹಲವೆಡೆ ತಾಯಂದಿರು ಊಟವನ್ನು ಡಬ್ಬಿಯಲ್ಲಿ ಮನೆಗೆ ಒಯ್ಯುವುದುಂಟು. ಕೂತು ಉಣ್ಣಲು ಒಂದು ಕಾರಣ ಬೇಕೆಂದಾದರೆ, ಕೇಳತಕ್ಕ ಮಾತೂ ಅಂತಹ ಕಾರಣವಾಗಬಲ್ಲದು.

ಮಾತು ಹೇಗಿರಬೇಕೆಂಬುದಕ್ಕೆ ದೂರ ಹುಡುಕಬೇಕಾಗಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯನ್ನು ಹೈದರ್ ಅಲಿಯ ಜನ್ಮಸ್ಥಳವೆಂದು ಎಲ್ಲರೂ ಬಲ್ಲರು. ಅದೇ ಊರಿನಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ನಡೆದದ್ದನ್ನು ಬಲ್ಲವರು ಕಡಿಮೆ. ಸ್ವಯಂಸೇವಾ ಸಂಸ್ಥೆಗಳಿಗೆ ಬಾನುಲಿ ಪ್ರಸಾರದ ಪರವಾನಗಿ ಇರದಿದ್ದ ಆ ದಿನಗಳಲ್ಲಿ, ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ನೆರವಿನಿಂದ, ಯುನೆಸ್ಕೋದ ಬೆಂಬಲದೊಡನೆ, 2003ರಲ್ಲಿ ಟಿ.ವಿ. ಕೇಬಲ್ ತಂತಿಯ ಮೂಲಕವೇ ಧ್ವನಿ ಕಾರ್ಯಕ್ರಮಗಳನ್ನು ಮನೆಮನೆಗೆ ತಲುಪಿಸಲಾಯಿತು. ಸ್ವಸಹಾಯ ಸಂಘದ ಮಹಿಳೆಯರು ತಮ್ಮ ಆಡುಮಾತಿನಲ್ಲಿ, ತಮಗೆ ಬೇಕಾದ ವಿಷಯವನ್ನು ತಾವೇ ಆಡಿ ಕೇಳಿಸಿದರು. ಊಟದ ವೇಳೆಯ ಮಾತುಕತೆಗೆ ಆ ಪ್ರಯೋಗವೇ ಪಾಠ: ಪುಸ್ತಕ ಹಿಡಿದು ಓದುವುದಕ್ಕಿಂತ ತಾಯಿಯೊಬ್ಬಳ ಪ್ರಶ್ನೆಯಿಂದ ತೊಡಗುವುದು ಲೇಸು.

ಮೊದಲ ವಿಷಯವಾಗಿ ಮಗುವಿನ ಮಾತನ್ನೇ ತೆಗೆದುಕೊಳ್ಳಬಹುದು. ಐದು ವರ್ಷ ತುಂಬುವ ಹೊತ್ತಿಗೆ ಮಗುವಿನ ಮಿದುಳು ವಯಸ್ಕರ ಮಿದುಳಿನ ಗಾತ್ರದ ನೂರಕ್ಕೆ ಸುಮಾರು 90 ಭಾಗವನ್ನು ತಲುಪಿರುತ್ತದೆ. ಅದರಲ್ಲಿಯೂ ಮೊದಲ ಎರಡು ವರ್ಷಗಳ ಬೆಳವಣಿಗೆಯೇ ಅತ್ಯಂತ ವೇಗದ್ದು. ಈ ಬೆಳವಣಿಗೆಗೆ ಅನ್ನದಷ್ಟೇ ಅಗತ್ಯವಾದುದು ಉತ್ತರ. ಮಗು ‘ಬಬ್ಬ’ ಎಂದಾಗ ತಾಯಿ ಅದರ ಕಣ್ಣು ನೋಡಿ ‘ಏನಮ್ಮಾ, ಹಾಲು ಬೇಕಾ?’ ಎನ್ನುತ್ತಾಳೆ, ಮಗು ಮತ್ತೆ ಸದ್ದು ಮಾಡುತ್ತದೆ. ಈ ಕೊಡುಕೊಳ್ಳುವಿಕೆಯೇ ಭಾಷೆಯ ಬುನಾದಿ. ಇದಕ್ಕೆ ಪ್ರತ್ಯೇಕ ಸಮಯವಾಗಲಿ ಹಣವಾಗಲಿ ಬೇಡ. ರಾಗಿ ಸರಿ ತಿನ್ನಿಸುವಾಗ, ನೀರು ಹಾಕುವಾಗ, ಹಸುವಿಗೆ ಮೇವು ಹಾಕುವಾಗ ಕಂಡದ್ದನ್ನು ಹೆಸರಿಟ್ಟು ಹೇಳುತ್ತ ಹೋದರಾಯಿತು. ಮೊಬೈಲ್ ಫೋನು ಹಾಡುತ್ತದೆ, ಕುಣಿಯುತ್ತದೆ. ಆದರೆ ಮಗುವಿನ ‘ಬಬ್ಬ’ಕ್ಕೆ ಅದು ಉತ್ತರ ಕೊಡುವುದಿಲ್ಲ. ಒಂದು ವರ್ಷದೊಳಗಿನ ಶಿಶುವಿಗೆ ಪರದೆ ತೋರಿಸಲೇಬಾರದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ತುತ್ತು ತಿನ್ನಿಸಲು ಫೋನು ಹಿಡಿಸುವ ತಾಯಿಯನ್ನು ಗದರಿಸಿ ಫಲವಿಲ್ಲ. ಆಕೆಗೆ ಒಲೆಯ ಕೆಲಸವೂ ಇದೆ, ಹೊಲದ ಕೆಲಸವೂ ಇದೆ. ಯಾವ ಒಂದು ಹೊತ್ತಿನ ಊಟಕ್ಕೆ ಫೋನನ್ನು ಬದಿಗಿಡಬಲ್ಲಳೆಂದು ಕೇಳುವುದು ಮೇಲು.

ಈ ಭಾಗದಲ್ಲಿ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. ಮನೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ. ಕೆಲವು ಮನೆಗಳಲ್ಲಿ ಉರ್ದು ಅಥವಾ ತಮಿಳು. ‘ಎರಡು ಭಾಷೆ ಕಿವಿಗೆ ಬಿದ್ದು ಮಗು ಗೊಂದಲಗೊಂಡಿದೆ, ಅದಕ್ಕೇ ಮಾತು ಬಂದಿಲ್ಲ’ ಎಂಬ ನಂಬಿಕೆ ಪೋಷಕರಲ್ಲಿಯೂ ಉಂಟು, ಕೆಲವೊಮ್ಮೆ ಬೋಧಕರಲ್ಲಿಯೂ ಉಂಟು. ಇದು ಸರಿಯಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವುದು ಮಾತಿನ ವಿಳಂಬಕ್ಕೆ ಕಾರಣವಲ್ಲ. ಮಗು ‘ಪಾಲು’ ಎಂದರೂ ‘ಹಾಲು’ ಎಂದರೂ ಅದು ಒಂದು ಪದವೇ; ಲೆಕ್ಕ ಹಾಕುವಾಗ ಎರಡೂ ಭಾಷೆಯ ಪದಗಳನ್ನು ಸೇರಿಸಿಯೇ ಎಣಿಸಬೇಕು. ಮನೆಮಾತನ್ನು ಬಿಡಿಸಿ ಅರೆಬರೆ ಕನ್ನಡದಲ್ಲಿ ಮಾತನಾಡಿರೆಂದು ಅಜ್ಜಿಗೆ ಹೇಳಿದರೆ, ಕಥೆ ಹೇಳುತ್ತಿದ್ದ ಅಜ್ಜಿ ಸುಮ್ಮನಾಗಿಬಿಡುತ್ತಾಳೆ. ನಷ್ಟ ಮಗುವಿನದು.

ಈ ನಂಬಿಕೆಯಿಂದ ಇನ್ನೂ ದೊಡ್ಡ ಅಪಾಯವಿದೆ. ಭಾಷೆಯ ಗೊಂದಲವೆಂದೋ, ‘ಅವರಪ್ಪನಿಗೂ ತಡವಾಗಿಯೇ ಮಾತು ಬಂದಿತ್ತು’ ಎಂದೋ ಕಾಯುತ್ತ ಕುಳಿತಾಗ, ನಿಜವಾಗಿ ಕಿವಿ ಕೇಳಿಸದ ಮಗುವಿನ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ. ವರ್ಷ ತುಂಬಿದರೂ ತೊದಲದ, ಕೈಸನ್ನೆ ಮಾಡದ ಮಗು, ಒಂದೂವರೆ ವರ್ಷಕ್ಕೆ ಒಂದು ಪದವನ್ನೂ ಆಡದ ಮಗು, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಪದ ಕೂಡಿಸದ ಮಗು, ಆಡುತ್ತಿದ್ದ ಮಾತನ್ನು ಯಾವುದೇ ವಯಸ್ಸಿನಲ್ಲಿ ನಿಲ್ಲಿಸಿದ ಮಗು: ಇವರನ್ನು ಪರೀಕ್ಷೆಗೆ ಕಳುಹಿಸಲೇಬೇಕು. ಕಿವಿ ಸೋರುವ ಮಗುವಿಗೂ ಇದೇ ಮಾತು ಅನ್ವಯಿಸುತ್ತದೆ. ಕಾಯಿಸಿದ ಎಣ್ಣೆ ಬಿಡುವುದು ಚಿಕಿತ್ಸೆಯಲ್ಲ, ಹಾನಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡವು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಭೇಟಿ ನೀಡಬೇಕು. ಆ ಭೇಟಿಯವರೆಗೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದೇ ಕ್ಷೇಮ. ಅಲ್ಲಿಂದ ಮುಂದೆ ಜಿಲ್ಲಾ ಆಸ್ಪತ್ರೆ, ಅಗತ್ಯವಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರೆಗೂ ದಾರಿ ಇದೆ. ಕಿವುಡು ಬೇಗ ತಿಳಿದಷ್ಟೂ ಮಗು ಮಾತು ಕಲಿಯುವ ಸಾಧ್ಯತೆ ಹೆಚ್ಚು.

ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲವೆಂಬುದನ್ನೂ ಹೇಳಬೇಕು, ಇಲ್ಲವಾದರೆ ಅಕ್ಕಪಕ್ಕದ ಮನೆಯ ಹೋಲಿಕೆಯಲ್ಲಿ ತಾಯಿ ಕಂಗೆಡುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಮಾಪನದಂತೆ ಆರೋಗ್ಯವಂತ ಮಗು ಆಧಾರವಿಲ್ಲದೆ ನಡೆಯತೊಡಗುವುದು ಸುಮಾರು 8ನೆಯ ತಿಂಗಳಿನಿಂದ ಸುಮಾರು 18ನೆಯ ತಿಂಗಳಿನೊಳಗೆ ಎಂದಾದರೂ.

ಮೂರು ವರ್ಷ ದಾಟಿದ ಮಕ್ಕಳ ಪೋಷಕರದು ಬೇರೆಯೇ ದೂರು: ‘ಪಕ್ಕದ ಮನೆಯ ಮಗು ನರ್ಸರಿಯಲ್ಲಿ ಎ ಬಿ ಸಿ ಬರೆಯುತ್ತದೆ, ನಮ್ಮದು ಇಲ್ಲಿ ಮಣ್ಣಾಡುತ್ತದೆ.’ ಈ ದೂರನ್ನು ಹಗುರವಾಗಿ ಕಾಣಬಾರದು. ಮಗುವನ್ನು ಅಂಗನವಾಡಿಯಿಂದ ಬಿಡಿಸುವ ಮಾತು ಶುರುವಾಗುವುದೇ ಇಲ್ಲಿಂದ. ಬೆರಳುಗಳ ಸಣ್ಣ ಸ್ನಾಯುಗಳು ಬಲಿಯುವ ಮುನ್ನ ಪೆನ್ಸಿಲ್ ಹಿಡಿಸಿದರೆ ಬರಹ ಬರುವುದಿಲ್ಲ, ಬೇಸರ ಬರುತ್ತದೆ. ಜೇಡಿಮಣ್ಣು ನಾದುವುದು, ಹುಣಸೆ ಬೀಜವನ್ನೂ ಅವರೆಕಾಳನ್ನೂ ಬೇರ್ಪಡಿಸುವುದು, ಗುಂಡಿ ಹಾಕುವುದು, ಇವೇ ಆ ವಯಸ್ಸಿನ ಬರಹದ ಸಿದ್ಧತೆ. ‘ಚಿಲಿಪಿಲಿ’ಯ ಚಟುವಟಿಕೆಗಳೂ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗೆ ಬುನಾದಿ ಹಂತವೆಂದು ಗುರುತಿಸಿರುವುದೂ ಇದೇ ತಿಳಿವಳಿಕೆಯ ಮೇಲೆ. ಬಾಯಲ್ಲಿ ಹೇಳುವುದಕ್ಕಿಂತ, ಊಟದ ಬಳಿಕ ತಾಯಿಯ ಮುಂದೆಯೇ ಮಗುವಿಗೆ ಕಾಳು ಬೇರ್ಪಡಿಸಲು ಕೊಟ್ಟು ಅದರ ಹೆಬ್ಬೆರಳು, ತೋರುಬೆರಳುಗಳನ್ನು ತೋರಿಸುವುದು ಹೆಚ್ಚು ಮನವರಿಕೆ ಮಾಡುತ್ತದೆ. ಮೂರು ವರ್ಷದೊಳಗಿನವರ ಕೈಗೆ ಮಾತ್ರ ಕಾಳು, ಬೀಜ ಸಿಗದಂತೆ ನೋಡಿಕೊಳ್ಳಬೇಕು. ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ.

ಕೋಲಾರ ಜಿಲ್ಲೆಯಲ್ಲಿ ನೀರಿನ ಮಾತನ್ನೂ ಬಿಡುವಂತಿಲ್ಲ. ಆಳದ ಕೊಳವೆಬಾವಿಗಳ ಫ್ಲೋರೈಡ್, ವಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲುಗಳನ್ನು ಕೆಡಿಸುತ್ತದೆ. ನೀರು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ನೀರು ಮನೆಯಲ್ಲಿ ಎಲ್ಲರಿಗೂ ಸಾಲದೆ ಹೋದರೆ ಅದರ ಮೊದಲ ಹಕ್ಕು ಚಿಕ್ಕ ಮಕ್ಕಳದು.

ಈ ಏರ್ಪಾಡಿನಲ್ಲಿ ಒಂದು ಕೊರತೆಯಿದೆ. ಮುಂಜಾನೆಯೇ ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಹಿಡಿದು ರಾತ್ರಿ ಮರಳುವ ತಂದೆ, ಕೂಲಿಗೆ ಹೋದ ತಾಯಿ ಮಧ್ಯಾಹ್ನದ ಊಟಕ್ಕೆ ಸಿಗುವುದಿಲ್ಲ. ಅಂತಹ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಯನ್ನೇ ಆಹ್ವಾನಿಸಬೇಕು. ತಂದೆಯಂದಿರಿಗಾಗಿ ಭಾನುವಾರದ ಒಂದು ಹೊತ್ತನ್ನು ಬಾಲವಿಕಾಸ ಸಮಿತಿ ಗೊತ್ತುಪಡಿಸಬಹುದು. ಒಂದು ದಿನಕ್ಕೆ ಒಂದೇ ವಿಷಯ, ಇಪ್ಪತ್ತು ನಿಮಿಷ ಸಾಕು. ಉಳಿದ ಹತ್ತು ನಿಮಿಷ, ಎಲ್ಲರೆದುರು ಕೇಳಲು ಸಂಕೋಚಪಡುವ ತಾಯಿಗಾಗಿ ಮೀಸಲು. ಆ ದಿನ ತಾಯಿ ಕಾರ್ಡನ್ನು ತರಲು ಹಿಂದಿನ ದಿನವೇ ಹೇಳಿಕಳುಹಿಸಬೇಕು: ಮಗುವಿನ ತೂಕದ ರೇಖೆಯೂ ವಯಸ್ಸಿಗೆ ತಕ್ಕ ಬೆಳವಣಿಗೆಯ ಚಿತ್ರಗಳೂ ಅದರಲ್ಲಿಯೇ ಇವೆ.