ರಟ್ಟಿನಲ್ಲೊಂದು ಮೆಟ್ರೊ

ಬೆಂಗಳೂರಿನ ವಿಜಯನಗರ, ರಾಜಾಜಿನಗರದ ಮಕ್ಕಳಿಗೆ ಮೆಟ್ರೊ ದಿನವೂ ಕಣ್ಣಿಗೆ ಬೀಳುತ್ತದೆ. ‘ಅಮ್ಮ, ನಾನೂ ಒಂದು ಕಟ್ತೀನಿ’ ಎಂದು ಮಗು ಹಠ ಹಿಡಿದರೆ, ಪರೀಕ್ಷೆ ಹತ್ತಿರ ಬಂತು ಎಂದು ತಡೆಯಬೇಡಿ. ಹಳೆಯ ರಟ್ಟಿನ ಡಬ್ಬ, ಅಂಟು, ಸ್ಕೇಲು ಕೊಟ್ಟುಬಿಡಿ.

ನಮ್ಮ ಮೆಟ್ರೊ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ನೂರರಲ್ಲೊಂದು ಪಾಲಿನ ಮಾದರಿ ಮಾಡಿದರೆ ಅದು 14 ಮಿಲಿಮೀಟರಿಗಿಂತ ತುಸು ಹೆಚ್ಚು. ಪುಸ್ತಕದಲ್ಲಿ ತಲೆಗೆ ಹತ್ತದ ಅನುಪಾತ ಇಲ್ಲಿ ಕೈಗೆ ಸಿಗುತ್ತದೆ. ಎರಡು ಕಂಬಗಳ ಮೇಲೆ ಚಪ್ಪಟೆ ರಟ್ಟು ಇಟ್ಟು ಆಟಿಕೆ ರೈಲು ನಿಲ್ಲಿಸಿದರೆ ನಡುವೆ ಬಾಗುತ್ತದೆ. ಅದೇ ರಟ್ಟಿನ ಎರಡೂ ಅಂಚು ಕೆಳಕ್ಕೆ ಮಡಚಿದರೆ ಭಾರ ತಡೆಯುತ್ತದೆ. ಯಾಕೆ ಎಂದು ಕೇಳಿ. ಉತ್ತರ ಮಾತ್ರ ನೀವೇ ಹೇಳಿಬಿಡಬೇಡಿ. ಬಿಚ್ಚಿ, ಮತ್ತೆ ಮಡಚಿ, ತಾನೇ ನೋಡಿಕೊಳ್ಳಲಿ. ವಿಜ್ಞಾನದ ಪಾಠ ಅಲ್ಲೇ ಆಗಿಹೋಗುತ್ತದೆ.

ಮೈಸೂರು ರಸ್ತೆಯಿಂದ ಕೆಂಗೇರಿವರೆಗಿನ ಮೆಟ್ರೊ ಮಾರ್ಗ ಶುರುವಾದದ್ದು 2021ರ ಆಗಸ್ಟಿನಲ್ಲಿ. ಒಂದು ಭಾನುವಾರ ಆ ಕಡೆ ಕರೆದುಕೊಂಡು ಹೋಗಿ, ವೃಷಭಾವತಿ ನದಿಯನ್ನು ತೋರಿಸಿ. ಈ ನೀರು ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ ಎಂದರೆ, ‘ಮತ್ತೆ ಇಷ್ಟು ಕೊಳೆ ಯಾಕೆ?’ ಎಂದು ಮಗುವೇ ಕೇಳೀತು. ಸಮಾಜ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ? ಮಾದರಿಯ ಮೇಲೆ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಬರೆದು ಅಂಟಿಸುವ ಕೆಲಸವೂ ಮಗುವಿನದೇ ಆಗಲಿ.

ಅಂಗಡಿಯಿಂದ ಸಿದ್ಧ ಮಾದರಿ ತಂದು ಶಾಲೆಗೆ ಕಳಿಸುವ ರೂಢಿ ಮನಸ್ಸಿಗೆ ನೋವು ಕೊಡುತ್ತದೆ. ಸೊಟ್ಟಗಿದ್ದರೂ ಮಗು ಕಟ್ಟಿದ್ದೇ ಹೋಗಲಿ. ದಯವಿಟ್ಟು ರಾತ್ರೋರಾತ್ರಿ ನೀವು ಕೂತು ಅದನ್ನು ನೆಟ್ಟಗೆ ಮಾಡಬೇಡಿ.