ಪಕ್ಕದ ಪಿಸಿಗೆ ಸಿಗುವ ಸ್ವಿಚ್ ಆಚೆಯ ಪಿಸಿಗೆ ಯಾಕೆ ಸಿಗದು?

ಪ್ರಶ್ನೆ: ಪ್ಯಾಕೆಟ್ ಟ್ರೇಸರ್‌ನಲ್ಲಿ 2960 ಸ್ವಿಚ್‌ಗೆ ಐಪಿ ಕೊಟ್ಟು ಟೆಲ್ನೆಟ್ ಅಭ್ಯಾಸ ಮಾಡುತ್ತಿದ್ದೇನೆ. ಅದೇ ಸ್ವಿಚ್‌ಗೆ ಸಿಕ್ಕಿಸಿದ ಪಿಸಿಯಿಂದ ಲಾಗಿನ್ ಆಗುತ್ತದೆ, ರೂಟರ್‌ನ ಆಚೆ ಇರುವ ಪಿಸಿಯಿಂದ ಆಗುವುದಿಲ್ಲ. ಆದರೆ ಎರಡು ಪಿಸಿಗಳ ನಡುವೆ ಪಿಂಗ್ ಸಲೀಸಾಗಿ ಹೋಗುತ್ತದೆ. ತಪ್ಪು ಎಲ್ಲಿದೆ? ಎಸ್‌ಎಸ್‌ಎಚ್ ಹಾಕಿ ನೋಡಿದೆ, ಅದೂ ಆಗಲಿಲ್ಲ.
– ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸ್ವಿಚ್‌ಗೆ ನೀವು ಡಿಫಾಲ್ಟ್ ಗೇಟ್‌ವೇ ಕೊಟ್ಟಿಲ್ಲ. ಗ್ಲೋಬಲ್ ಕಾನ್ಫಿಗ್ ಮೋಡ್‌ನಲ್ಲಿ ‘ಐಪಿ ಡಿಫಾಲ್ಟ್-ಗೇಟ್‌ವೇ’ ಎಂದು ಟೈಪ್ ಮಾಡಿ, ಮುಂದೆ ಸ್ವಿಚ್ ಇರುವ ಕಡೆಯ ರೂಟರ್ ಪೋರ್ಟ್‌ನ ಐಪಿ ಹಾಕಿ. ನೀವು ಹೇಳಿದ ಲಕ್ಷಣಗಳಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ.

ಪಿಸಿಗಳು ಪರಸ್ಪರ ಮಾತಾಡುವಾಗ ನಡುವಿನ ಸ್ವಿಚ್ ಮಾತ್ರ ಯಾಕೆ ಸುಮ್ಮನಿರುತ್ತದೆ ಎಂಬುದು ನಿಮ್ಮ ಗೊಂದಲ. ಲೇಯರ್ 2 ಸ್ವಿಚ್ ತನ್ನ ಮೂಲಕ ಹಾದುಹೋಗುವ ಫ್ರೇಮ್‌ಗಳ ಮ್ಯಾಕ್ ವಿಳಾಸ ನೋಡಿ ಮುಂದೆ ಕಳಿಸುತ್ತದೆ, ಅಷ್ಟೇ. ಆ ಕೆಲಸಕ್ಕೆ ಅದಕ್ಕೆ ಐಪಿಯೇ ಬೇಕಿಲ್ಲ. ಊರಿಗೆಲ್ಲ ಕಾಗದ ಹಂಚುವ ಅಂಚೆಯವನ ಸ್ವಂತ ವಿಳಾಸ ಯಾರಿಗೆ ಬೇಕು? ಅವನಿಗೇ ಯಾರಾದರೂ ಕಾಗದ ಬರೆದಾಗ ಬೇಕು. ವಿಲ್ಯಾನ್ 1ಕ್ಕೆ ನೀವು ಕೊಟ್ಟ ಐಪಿ ಅಂಥದ್ದು. ಆಚೆಯ ಪಿಸಿಯ ಕೋರಿಕೆ ಸ್ವಿಚ್‌ವರೆಗೆ ಬಂದೇ ಬರುತ್ತದೆ. ಆದರೆ ಬೇರೆ ನೆಟ್‌ವರ್ಕ್‌ಗೆ ಉತ್ತರ ಕಳಿಸಲು ಯಾರ ಕೈಗೆ ಕೊಡಬೇಕೆಂದು ಸ್ವಿಚ್‌ಗೆ ಗೊತ್ತಿಲ್ಲ. ಹೋದದ್ದು ಹೋಯಿತು, ಬರಬೇಕಾದದ್ದು ಬರಲಿಲ್ಲ. ಅನುಮಾನವಿದ್ದರೆ ರೂಟರ್‌ನ ಸಿಎಲ್‌ಐನಿಂದಲೇ ಟೆಲ್ನೆಟ್ ಮಾಡಿ ನೋಡಿ. ಅದು ಸ್ವಿಚ್‌ನ ನೆಟ್‌ವರ್ಕ್‌ನಲ್ಲೇ ಇರುವುದರಿಂದ ತಟ್ಟನೆ ಒಳಗೆ ಬಿಡುತ್ತದೆ. (ನಿಜವಾದ ಉಪಕರಣಗಳಿರುವ ಲ್ಯಾಬ್‌ನಲ್ಲಿ ಗೇಟ್‌ವೇ ಇಲ್ಲದೆಯೂ ಒಮ್ಮೊಮ್ಮೆ ಕೆಲಸ ಆಗಿಬಿಡುತ್ತದೆ. ಅಲ್ಲಿ ರೂಟರ್ ಪ್ರಾಕ್ಸಿ ಎಆರ್‌ಪಿಯಿಂದ ಸ್ವಿಚ್‌ನ ಮಾನ ಉಳಿಸಿರುತ್ತದೆ. ಅದನ್ನು ನೆಚ್ಚಿಕೊಳ್ಳಬೇಡಿ.)

ಇನ್ನು ಮುಂದೆ ಇಂಥ ತೊಂದರೆ ಬಂದರೆ ಮೊದಲು ಪರದೆ ಏನು ಹೇಳುತ್ತಿದೆ ಎಂದು ಓದಿ. ನನ್ನ ಅನುಭವದಲ್ಲಿ ಕಲಿಯುವವರು ಅದನ್ನು ಓದದೆ ನೇರ ಕೇಬಲ್ ಬದಲಿಸಲು ಹೊರಡುತ್ತಾರೆ. ‘ಟೈಮ್ಡ್ ಔಟ್’ ಎಂದು ಬಂದರೆ ಬಾಗಿಲು ತಟ್ಟಿದರೂ ಓಗೊಟ್ಟವರಿಲ್ಲ ಎಂದರ್ಥ: ಐಪಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ನೋಡಿ. ವಿಲ್ಯಾನ್ 1ಕ್ಕೆ ‘ನೋ ಶಟ್‌ಡೌನ್’ ಕೊಡಲು ಮರೆತಿದ್ದರೂ ಇದೇ ಗತಿ. ‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’ ಹೊಡೆದರೆ ಅದು ಸಿಕ್ಕಿಬೀಳುತ್ತದೆ. ‘ರೆಫ್ಯೂಸ್ಡ್’ ಎಂದು ಬಂದರೆ ಸ್ವಿಚ್ ಸಿಕ್ಕಿದೆ, ಒಳಗೆ ಬಿಡಲು ಒಪ್ಪಿಲ್ಲ. ಆಗ ಕೇಬಲ್ ಮುಟ್ಟುವ ಅಗತ್ಯವೇ ಇಲ್ಲ, ವಿಟಿವೈ ಲೈನ್‌ಗಳನ್ನು ನೋಡಿ. ಪಾಸ್‌ವರ್ಡ್ ಬೇಕು ಆದರೆ ಇಟ್ಟಿಲ್ಲ ಎಂದು ಹೇಳಿ ಸಂಪರ್ಕ ಕಡಿದರೆ, ‘ಲಾಗಿನ್’ ಬರೆದು ಪಾಸ್‌ವರ್ಡ್ ಬಿಟ್ಟಿದ್ದೀರಿ. ಒಳಗೆ ಹೋದಮೇಲೆ ‘ಎನೇಬಲ್’ ಆಗದಿದ್ದರೆ ಎನೇಬಲ್ ಸೀಕ್ರೆಟ್ ಇಟ್ಟಿಲ್ಲ. ಹಾಗೆಯೇ, ಕೇಬಲ್ ಸಿಕ್ಕಿಸಿದ ಕೂಡಲೇ ಪರೀಕ್ಷಿಸಬೇಡಿ. ಸ್ಪ್ಯಾನಿಂಗ್ ಟ್ರೀ ತನ್ನ ಲೆಕ್ಕ ಮುಗಿಸಿ ಕಿತ್ತಳೆ ದೀಪ ಹಸಿರಾಗಲು ಸುಮಾರು 30 ಸೆಕೆಂಡು ಬೇಕು.

ಎಸ್‌ಎಸ್‌ಎಚ್ ವಿಷಯ. ಟೆಲ್ನೆಟ್ ಪಾಸ್‌ವರ್ಡನ್ನು ಮರೆಮಾಚದೆ ಕಳಿಸುತ್ತದೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಪಾಸ್‌ವರ್ಡ್ ಕದ್ದದ್ದರಿಂದಲೇ ತಾತು ಯುಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು. ಸ್ವಿಚ್‌ನಲ್ಲಿ ಅದಕ್ಕೆ ಕೀ ಬೇಕು. ಕೀಗೆ ಹೆಸರು ಬರುವುದು ಹೋಸ್ಟ್‌ನೇಮ್ ಮತ್ತು ಡೊಮೇನ್ ಹೆಸರಿನಿಂದ. ಹೋಸ್ಟ್‌ನೇಮ್ ಇನ್ನೂ ‘ಸ್ವಿಚ್’ ಎಂದೇ ಇದ್ದರೆ ‘ಕ್ರಿಪ್ಟೋ ಕೀ ಜನರೇಟ್ ಆರ್‌ಎಸ್‌ಎ’ ಕೆಲಸ ಮಾಡದು. ಅದು ಬಿಟ್ ಅಳತೆ ಕೇಳಿದಾಗ ಸುಮ್ಮನೆ ಎಂಟರ್ ಒತ್ತಿದರೆ 512 ಬಿಟ್‌ನ ಕೀ ಸಿಗುತ್ತದೆ, ಎಸ್‌ಎಸ್‌ಎಚ್‌ನ ಎರಡನೇ ಆವೃತ್ತಿಗೆ ಕನಿಷ್ಠ 768 ಬೇಕು. 1024 ಕೊಡಿ. ಆಮೇಲೆ ಯೂಸರ್‌ನೇಮ್ ಸೃಷ್ಟಿಸಿ, ವಿಟಿವೈ 0ರಿಂದ 15ರವರೆಗೆ ಎಲ್ಲ ಲೈನ್‌ಗಳಿಗೂ ‘ಲಾಗಿನ್ ಲೋಕಲ್’ ಮತ್ತು ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’ ಹಾಕಿ. ಈ ಕೊನೆಯದನ್ನು ಹಾಕಿದಮೇಲೆ ಟೆಲ್ನೆಟ್ ನಿಲ್ಲುತ್ತದೆ, ಅದು ದೋಷವಲ್ಲ.

ಇಷ್ಟಾದರೂ ಆಗದಿದ್ದರೆ ಪಿಸಿಯಲ್ಲಿ ನೀವು ಕೊಟ್ಟ ಕಮಾಂಡನ್ನು ಇನ್ನೊಮ್ಮೆ ನೋಡಿ. ಎಸ್‌ಎಸ್‌ಎಚ್ ಆದಮೇಲೆ ಹೈಫನ್, ಅದಕ್ಕಂಟಿ ಇಂಗ್ಲಿಷಿನ ಸಣ್ಣ ‘ಎಲ್’ ಬರಬೇಕು. ಅನೇಕರು ಅದನ್ನು ಒಂದು ಎಂಬ ಅಂಕಿಯೆಂದು ತಿಳಿಯುತ್ತಾರೆ. ನಾನೂ ಹಾಗೆ ತಿಳಿದು ಒಂದು ಮಧ್ಯಾಹ್ನ ಕಳೆದಿದ್ದೇನೆ.